ಒಳಗುಮ್ಮಟ

ಚಪ್ಪಲಿ ಅಲ್ಲೇ ಬಿಡ್ರಿ, ಯಾರೂ ಒಯ್ಯೂದಿಲ್ಲ.
ಸಾವಕಾಶ ಹತ್ತೂಣು. ನಂದು ಇವತ್ತು
ಮೂರ ಅಂತಸ್ತಿನ ಪರವಾನಗಿ.

ಹೆಸರು ಮಶಾಕ ನದಾಫ. ಇಪ್ಪತ್ತಾರು ವರ್ಷಾತು,
ದಿನಕ್ಕ ನಾಕ ಸಲ, ಸೂಟಿ ಇದ್ದಾಗ ಎಂಟು,
ಈ ಇಕ್ಕಟ್ಟಿನ ಮೆಟ್ಟಿಲು ಹತ್ತಿ ಇಳದೇನಿ.
ಮ್ಯಾಲ ಹ್ವಾದ್ರ ನಿಮಗ ಗೊತ್ತಾಗ್ತದ,
ಆ ಕಡೆ ಕಡ್ಡಿ ಗೀರಿದ್ರ ಈ ಕಡೆ ಕಿವ್ಯಾಗ ಬೆಂಕಿ.
ಕಾಗದ ಹರದ್ರ ಕೇಳ್ತದ. ಗಂಡ ಹೆಂಡತಿಗೆ
ಪಿಸಿಪಿಸಿ ಬೈದದ್ದೂ ಕೇಳ್ತದ.
ಮುಚ್ಚಿಡಾಕ ಬರೂ ಜಾಗಾ ಅಲ್ಲ ಇದು.

ಹಂಗಾಗಿ ನಾನೂ ಸಿಕ್ಕಬಿದ್ದೆ.
ಒಂಬತ್ತ ವರ್ಷದ ಹಿಂದ, ಐದನೇ ಅಂತಸ್ತಿನ್ಯಾಗ,
ಸವದ ಮೆಟ್ಟಿಲ ಮ್ಯಾಲ ಬಲಗಾಲು ಹೊಳ್ಳಿತ್ತು.
ಸುಣ್ಣ ಅರಿಷಿಣ ಹಚ್ಚಿದೆ, ಪಟ್ಟಿ ಕಟ್ಟಿದೆ,
ಉಳುಕು ತೆಗಿಯೂ ಹುಸೇನವ್ವನ ಕೈಯಾಗ ಅತ್ತೆ.
ಬಾವು ಇಳೀತು.
ಒಂದು ಸಪ್ಪಳ ಉಳೀತು.

ಶಾಲಿ ಹುಡುಗರನ್ನ ಸುಮ್ಮನ ನಿಲ್ಲಿಸಿ
"ಈಗ ಕೇಳ್ರಿ" ಅಂತ ಹೆಜ್ಜಿ ಇಟ್ಟೆ ಒಂದಿನ —
ಟಿಕ್.
ಟಿಕ್ ಟಿಕ್ ಟಿಕ್
ಟಿಕ್ ಟಿಕ್
ಟಿಕ್
ಗುಮ್ಮಟ ನನ್ನ ಕೀಲಿನ ಲೆಕ್ಕಾ ಒಪ್ಪಿಸ್ತು.
"ಸರ, ಯಾರ ಗಡಿಯಾರ?" ಅಂದ್ಲು ಒಬ್ಬ ಹುಡುಗಿ.

ಡಾಕ್ಟರ ಹೆಸರು ಸುನಂದಾ ಹಂಚಿನಾಳ.
ಎಕ್ಸರೇದಾಗ ಏನೂ ಇಲ್ಲ, ಎಮ್ಮಾರೈದಾಗ ಏನೋ ಅದ,
"ಒಳಗ ಹೋಗೇ ನೋಡೂಣು" ಅಂದ್ರು.
"ಸೀಳ್ತೀರೇನ್ರಿ?"
"ಇಲ್ಲ. ಎರಡ ತೂತು, ಜ್ವಾಳದ ಕಾಳಿನಷ್ಟು.
ಒಂದರಾಗ ಕಣ್ಣು, ಒಂದರಾಗ ಕೈ."

ಬೆನ್ನಿಗೆ ಸೂಜಿ. ನಡದಿಂದ ಕೆಳಗ ನಾ ಇರಲಿಲ್ಲ.
ಪಾದಕ್ಕ ಪಟ್ಟಾ ಹಾಕಿ ಜಗ್ಗಿ ಹಿಡದ್ರು,
ಎಲುಬಿನ ನಡುವ ಉಗುರಿನಷ್ಟು ಬಾಗಲಾ ತೆರೀಲಿ ಅಂತ.
ಉಪ್ಪುನೀರು ಬಿಟ್ರು. ಟಿವಿ ನನ್ನ ಕಡೆ ತಿರುವಿದ್ರು.

ಏನ ಹೇಳ್ಲಿ ನಿಮಗ.
ಬೆಳ್ಳಗ. ನುಣ್ಣಗ. ಮ್ಯಾಲ ಬಾಗಿದ ಛತ್ತು,
ಕೆಳಗ ಉಬ್ಬಿದ್ದು ಇನ್ನೊಂದು. ನಡುವ ಕಂಬ ಇಲ್ಲ.
"ಇದಕ್ಕ ಏನಂತಾರ್ರಿ ಡಾಕ್ಟರ?"
"ಆ ಉಬ್ಬೇನ್ರಿ? ನಮ್ಮ ಪುಸ್ತಕದಾಗ ಡೋಮ್.
ನಿಮ್ಮ ಭಾಷಾದಾಗ ಗುಮ್ಮಟ."
ನಕ್ಕೆ. ಅಲಗಾಡಬ್ಯಾಡ್ರಿ ಅಂತ ನರ್ಸ್ ಬೈದ್ರು.

ಗುಮ್ಮಟದ ಒಳಮಗ್ಗಲಿಗೆ ಗಿಲಾವ ಕಿತ್ತಿತ್ತು.
ಸುತ್ತ ಎಳಿ ಎದ್ದು ತೇಲತಿದ್ವು, ನಮ್ಮಪ್ಪ
ಹಿಂಜಿದ ಅರಳಿ ಹಂಗ. ಮೂಲ್ಯಾಗ ಒಂದು ಚೂರು
ನೀರಾಗ ಹೊಳ್ಳಿ ಹೊಳ್ಳಿ ಆಡತಿತ್ತು.
"ಇವಾ ನೋಡ್ರಿ ನಿಮ್ಮ ಟಿಕ್" ಅಂದ್ರು, ಚಿಮಟಾದಾಗ ಹಿಡದು.
ಸಾಬೂದಾಣಿಯಷ್ಟು. ಇಷ್ಟಕ್ಕ ಒಂಬತ್ತ ವರ್ಷ!

ಆಮ್ಯಾಲ ಚೂಪನ್ನ ಸಲಾಕಿ ತಗೊಂಡು
ಬರೇ ಎಲುಬಿಗೆ ತೂತ ಹೊಡೀಲಿಕ್ಕೆ ಹತ್ತಿದ್ರು.
ಅಂಜಿದೆ. ರಿಪೇರಿ ಅಂತ ಬಂದ್ರ ಕೆಡವತಾರಲ್ಲ?
ಅಷ್ಟರಾಗ ನೆನಪಾತು, ಇಲ್ಲಿ ಗೌಂಡ್ಯಾರು
ಹೊಸಾ ಸುಣ್ಣದ ಗಾರಿ ಮೆತ್ತೂಕಿಂತ ಮೊದಲ
ಹಳೇ ಗ್ವಾಡಿಗೆ ಕಚ್ಚು ಹೊಡೀತಾರ, ಹಿಡಕೋಲಿ ಅಂತ.
ತೂತಿನ್ಯಾಗಿಂದ ಸಣ್ಣಗ ರಕ್ತ ಜಿನಗಿತು.
"ಇದೇ ಗಾರಿ" ಅಂದ್ರು ಡಾಕ್ಟರ.
"ಮೊದಲಿನ ನುಣಪು ಬರೂದಿಲ್ಲ. ತ್ಯಾಪಿ ಇದು.
ನೀವು ಗಡಿಬಿಡಿ ಮಾಡ್ಲಿಲ್ಲಂದ್ರ ನಿಲ್ತದ."

ತೂತಿಗೊಂದು ಹೊಲಿಗಿ. ಮರದಿನ ಮನಿ.
ಆರು ವಾರ ನೆಲಕ್ಕ ಪಾದ ಊರಿಲ್ಲ.
ಚೂರು ಇಟ್ಟ ಬಾಟ್ಲಿ ಬೆಳಕಿಗೆ ಹಿಡದು ಬೀಬಿಜಾನ
"ಮ್ಯೂಜಿಯಂನ್ಯಾಗ ಕೊಟ್ಟ ಬರ್ರಿ" ಅಂದ್ಲು.
ಕೊಟ್ಟಿಲ್ಲ. ಕಪಾಟಿನ್ಯಾಗ ಅದ.

ಇಗಾ, ಮೂರನೇ ಅಂತಸ್ತು. ಗಾಳಿ ಚಲೋ ಬರ್ತದ ಈ ಕಿಂಡ್ಯಾಗ.
ನಾ ಇಲ್ಲೇ ಕುಂಡ್ರತೀನಿ. ಉಳದ ನಾಕು ನೀವ ಹತ್ರಿ.
ಮ್ಯಾಲ ಚಪ್ಪಾಳಿ ಹೊಡೀಬ್ಯಾಡ್ರಿ, ಎಲ್ಲಾರೂ ಹೊಡೀತಾರ.
ಗದ್ದಲ ಕಡಿಮಿ ಆಗೂತನಾ ನಿಂತು
ಗ್ವಾಡಿಗೆ ಕೈ ಹಚ್ಚಿ, ಒಂದು ಪಾದ ಎತ್ತಿ
ಸಾವಕಾಶ ತಿರುವ್ರಿ.
ಏನೂ ಕೇಳಲಿಲ್ಲಂದ್ರ ಚಲೋ.
ಕೇಳಿದ್ರ ಇಳಿಯೂಮುಂದ ಹೇಳ್ರಿ,
ಡಾಕ್ಟರ ನಂಬರ ಕೊಡ್ತೀನಿ.

ರೊಕ್ಕ?
ಏಳರಾಗ ಮೂರು. ನೀವ ಲೆಕ್ಕಾ ಹಾಕ್ರಿ.